ಕವಿತೆಗಳಲ್ಲೇ ಹೇಳುವ ಕ್ವಿಯರ್ ಮಾಯಾ ಪ್ರೇಮಕಥೆ: ಬರೆಯುವ ಮುನ್ನ ತೀರ್ಮಾನಿಸಬೇಕಾದ್ದೇನು?

ಒಂದು ಪ್ರೇಮಕಥೆ ಬರೆಯಬೇಕು. ಪ್ರೇಮಿಗಳಿಬ್ಬರೂ ಹೆಂಗಸರು, ಅಥವಾ ಇಬ್ಬರೂ ಗಂಡಸರು, ಅಥವಾ ಗಂಡು-ಹೆಣ್ಣು ಎಂಬ ಎರಡೇ ಖಾನೆಗಳಲ್ಲಿ ಕೂರದವರು. ಕಥೆ ನಡೆಯುವುದು ಶಾಪ, ಮಾಟ, ರೆಕ್ಕೆಯ ಮನುಷ್ಯರು ಇರುವ ಲೋಕದಲ್ಲಿ. ಅದನ್ನು ಹೇಳಬೇಕಾಗಿರುವುದು ಒಂದು ಕವನ ಸಂಕಲನದ ಮೂಲಕ. ಹೀಗೆಂದ ಕೂಡಲೇ ‘ಇದನ್ನೆಲ್ಲ ಯಾರು ಓದುತ್ತಾರೆ’ ಎಂದು ಕೇಳುವವರೇ ಹೆಚ್ಚು. ಆದರೆ ಇಂಥ ಪುಸ್ತಕಗಳು ಈಗಾಗಲೇ ಬಂದಿವೆ, ಓದುಗರನ್ನೂ ಪ್ರಶಸ್ತಿಗಳನ್ನೂ ಪಡೆದಿವೆ. ಕನ್ನಡದಲ್ಲಿ ಬರೆಯಲು ಹೊರಟವರಿಗಂತೂ ನಮ್ಮ ಛಂದಸ್ಸು ಮತ್ತು ವ್ಯಾಕರಣ ಎರಡೂ ನೆರವಿಗೆ ಬರುತ್ತವೆ.

ಕಷ್ಟ ಎದುರಾಗುವುದು ಯೋಜನೆಯಿಲ್ಲದೆ ಶುರು ಮಾಡಿದಾಗ. ಹದಿನೈದು ಕವಿತೆ ಬರೆದಾದ ಮೇಲೆ ನೋಡಿದರೆ ಎಲ್ಲವೂ ಹಂಬಲದ ಕವಿತೆಗಳೇ ಆಗಿರುತ್ತವೆ, ಕಥೆ ನಿಂತಲ್ಲೇ ನಿಂತಿರುತ್ತದೆ. ಅಥವಾ ಕಥೆ ಓಡಿಸುವ ಭರದಲ್ಲಿ ಕವಿತೆಗಳು ಸಾಲು ಮುರಿದ ವರದಿಗಳಂತಾಗುತ್ತವೆ. ಈ ಎರಡು ಗುಂಡಿಗಳ ನಡುವೆ ದಾರಿ ಕಂಡುಕೊಳ್ಳುವುದು ಹೇಗೆ? ಒಂದೊಂದಾಗಿ ನೋಡೋಣ.

ಪದದಿಂದಲೇ ಶುರು

ಗಂಡು-ಹೆಣ್ಣಿನ ನಡುವಿನ ಪ್ರೇಮವೇ ಸಹಜ ಎಂಬ ಚೌಕಟ್ಟಿನ ಹೊರಗಿರುವ ಎಲ್ಲರನ್ನೂ ಒಟ್ಟಾಗಿ ಕರೆಯಲು ‘ಕ್ವಿಯರ್’ ಪದ ಬಳಕೆಯಲ್ಲಿದೆ. ಇಂಗ್ಲಿಷ್‌ನಲ್ಲಿ ಒಂದು ಕಾಲಕ್ಕೆ ಬೈಗುಳವಾಗಿದ್ದ ಇದನ್ನು ಆ ಸಮುದಾಯದವರೇ ಎತ್ತಿಕೊಂಡು ತಮ್ಮ ಗುರುತಾಗಿ ಮಾಡಿಕೊಂಡರು. ಕನ್ನಡದಲ್ಲಿ ‘ಸಲಿಂಗ ಪ್ರೇಮ’, ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಪದಗಳಿವೆ. ಸುದ್ದಿಗೆ, ಅರ್ಜಿಗೆ, ಭಾಷಣಕ್ಕೆ ಇವು ಸರಿ. ಪ್ರೀತಿಸಿದವರನ್ನು ಕರೆಯುವಾಗ ಇವು ಯಾರ ಬಾಯಲ್ಲೂ ಬರುವುದಿಲ್ಲ. ಉಳಿದಂತೆ ಬೀದಿಯಲ್ಲಿ ಕೇಳಿಬರುವವು ಬಹುಪಾಲು ಬೈಗುಳಗಳು.

ಹಾಗಾಗಿ ಕನ್ನಡದಲ್ಲಿ ಇಂಥ ಕಥೆ ಬರೆಯುವವರ ಮೊದಲ ಕೆಲಸ ಪ್ರೀತಿಯ ಮಾತುಗಳನ್ನು ಹುಡುಕುವುದು. ಗದ್ಯದಲ್ಲಿ ಈ ದಾರಿ ತೆರೆದವರಲ್ಲಿ ವಸುಧೇಂದ್ರ ಮುಖ್ಯರು. ಅವರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಬಂತು, ಬಳಿಕ ಇಂಗ್ಲಿಷ್‌ಗೂ ಅನುವಾದವಾಯಿತು. ಒಂದೇ ಪಾತ್ರವನ್ನು ಬೇರೆ ಬೇರೆ ಕಥೆಗಳಲ್ಲಿ ಹಿಂಬಾಲಿಸುವ ಅದರ ಕ್ರಮವನ್ನು ಕವಿತೆಗೆ ಕೈಹಾಕುವವರೂ ಗಮನಿಸಬೇಕು.

ದಾರಿ ತೋರಿಸಿದ ಮೂರು ಪುಸ್ತಕಗಳು

ಮೊದಲನೆಯದು ಕೆನಡಾದ ಕವಿ ಆನ್ ಕಾರ್ಸನ್ ಅವರ ‘ಆಟೋಬಯಾಗ್ರಫಿ ಆಫ್ ರೆಡ್’ (1998). ಗ್ರೀಕ್ ಪುರಾಣದಲ್ಲಿ ಗೆರಿಯಾನ್ ಎಂಬ ದೈತ್ಯನನ್ನು ವೀರ ಹೆರಾಕ್ಲೀಸ್ ಕೊಂದು, ಅವನ ಕೆಂಪು ದನಗಳನ್ನು ಹೊಡೆದುಕೊಂಡು ಹೋಗುತ್ತಾನೆ. ಇದನ್ನು ಸ್ಟೆಸಿಕೋರಸ್ ಎಂಬ ಪ್ರಾಚೀನ ಕವಿ ಗೆರಿಯಾನ್‌ನ ಕಡೆಯಿಂದ ಹಾಡಿದ್ದ, ಆ ಕಾವ್ಯದ ಚೂರುಗಳಷ್ಟೇ ಉಳಿದಿವೆ. ಕಾರ್ಸನ್ ಆ ಚೂರುಗಳಿಂದ ಹೊರಟು ಗೆರಿಯಾನ್‌ನನ್ನು ಇಂದಿನ ಕಾಲಕ್ಕೆ ತರುತ್ತಾರೆ. ಅವನು ಕೆಂಪು ಬಣ್ಣದ, ರೆಕ್ಕೆಯಿರುವ, ಕ್ಯಾಮೆರಾ ಹಿಡಿದು ತಿರುಗುವ ಹುಡುಗ. ಹೆರಾಕ್ಲೀಸ್ ಅವನ ಪ್ರೇಮಿ, ನಂತರ ಅವನನ್ನು ಬಿಟ್ಟು ಹೋಗುವವನು. ಪುರಾಣದ ಕೊಲೆ ಇಲ್ಲಿ ಎದೆ ಒಡೆಯುವುದಾಗಿ ಬದಲಾಗುತ್ತದೆ. ವರ್ಷಗಳ ಬಳಿಕ ಇಬ್ಬರೂ ಬ್ಯೂನಸ್ ಐರಿಸ್‌ನಲ್ಲಿ ಎದುರಾದಾಗ ಹೆರಾಕ್ಲೀಸ್ ಜೊತೆ ಇನ್ನೊಬ್ಬ ಪ್ರೇಮಿ ಇರುತ್ತಾನೆ.

ಎರಡನೆಯದು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಕವಿ ಹ್ಯಾರಿ ಜೋಸೆಫೀನ್ ಗೈಲ್ಸ್ ಅವರ ‘ಡೀಪ್ ವೀಲ್ ಆರ್ಕೇಡಿಯಾ’ (2021). ಬಾಹ್ಯಾಕಾಶ ನಿಲ್ದಾಣವೊಂದರ ಕಥೆ. ಮಂಗಳ ಗ್ರಹದಲ್ಲಿ ಓದಿ ಊರಿಗೆ ಮರಳುವ ಆಸ್ಟ್ರಿಡ್, ತನ್ನ ಹಳೆಯ ಬದುಕಿನಿಂದ ತಪ್ಪಿಸಿಕೊಂಡು ಅಲ್ಲಿಗೆ ಬರುವ ಡಾರ್ಲಿಂಗ್, ಇವರಿಬ್ಬರ ಪ್ರೇಮ. ಇಡೀ ಪುಸ್ತಕ ಆರ್ಕ್ನಿಯ ಆಡುನುಡಿಯ ಪದ್ಯಗಳಲ್ಲಿದೆ, ಕೆಳಗೆ ಕವಿಯೇ ಮಾಡಿದ ಇಂಗ್ಲಿಷ್ ಅನುವಾದವಿದೆ. ಅಲ್ಲಿ ಒಂದೇ ಆಡುಮಾತಿನ ಹಲವು ಅರ್ಥಗಳನ್ನು ಬೆಸೆದು ಒಂದು ಪದ ಮಾಡಲಾಗಿದೆ. ಕೆಲವೇ ಜನ ಆಡುವ ನುಡಿಯಲ್ಲಿ ಬರೆದ ಈ ಪದ್ಯ ಕಾದಂಬರಿಗೆ ವಿಜ್ಞಾನ ಕಥಾಸಾಹಿತ್ಯದ ದೊಡ್ಡ ಗೌರವವಾದ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ 2022ರಲ್ಲಿ ಸಿಕ್ಕಿತು.

ಮೂರನೆಯದು ನಮ್ಮವರದೇ, ವಿಕ್ರಮ್ ಸೇಠ್ ಅವರ ‘ದಿ ಗೋಲ್ಡನ್ ಗೇಟ್’ (1986). ಇದರಲ್ಲಿ ಮಾಯೆಯಿಲ್ಲ, ಸ್ಯಾನ್ ಫ್ರಾನ್ಸಿಸ್ಕೊದ ಗೆಳೆಯರ ಗುಂಪಿದೆ. ಇಡೀ ಕಾದಂಬರಿ ಹದಿನಾಲ್ಕು ಸಾಲಿನ 590 ಪದ್ಯಗಳಲ್ಲಿದೆ. ಅದರೊಳಗೆ ಫಿಲ್ ಮತ್ತು ಎಡ್ ಎಂಬ ಇಬ್ಬರು ಗಂಡಸರ ಪ್ರೇಮವೂ, ಎಡ್‌ನ ಧಾರ್ಮಿಕ ನಂಬಿಕೆ ಅದಕ್ಕೆ ಅಡ್ಡವಾಗುವುದೂ ಇದೆ. ಈ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ಮೂರೂ ಪುಸ್ತಕಗಳು ಮೂರು ಬೇರೆ ದಾರಿ ಹಿಡಿದಿವೆ. ಒಂದು ಪುರಾಣವನ್ನು ತಿರುಗಿಸಿತು, ಒಂದು ಆಡುನುಡಿಯನ್ನು ಬಾಹ್ಯಾಕಾಶಕ್ಕೆ ಒಯ್ದಿತು, ಒಂದು ಕಟ್ಟುನಿಟ್ಟಾದ ಪದ್ಯರೂಪವನ್ನು ಕೊನೆತನಕ ಬಿಡಲಿಲ್ಲ. ಮೂರರಲ್ಲೂ ಬರೆಯುವ ರೂಪ ಕಥೆಯ ಜೊತೆಗೇ ಹುಟ್ಟಿದೆ.

ಸಂಕಲನವೋ, ಪದ್ಯ ಕಾದಂಬರಿಯೋ?

ಇವೆರಡರ ವ್ಯತ್ಯಾಸವನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಬೇಕು. ಪದ್ಯ ಕಾದಂಬರಿಯಲ್ಲಿ ಒಂದು ಅಧ್ಯಾಯ ಮುಂದಿನದಕ್ಕೆ ನೇರವಾಗಿ ದಾರಿ ಮಾಡುತ್ತದೆ, ನಡುವಿನ ಪುಟ ಹರಿದುಹೋದರೆ ಕಥೆ ತಪ್ಪುತ್ತದೆ. ಸಂಕಲನದಲ್ಲಿ ಪ್ರತಿ ಕವಿತೆಯೂ ಬಿಡಿಯಾಗಿ ನಿಲ್ಲಬೇಕು, ಒಟ್ಟಿಗೆ ಓದಿದಾಗ ಕಥೆಯೂ ಕಾಣಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದಾಗ ಅದು ಬಿಡಿ ಕವಿತೆಗಳ ಸಂಕಲನ. ಆದರೆ ಓದಿದವರ ಮನಸ್ಸಿನಲ್ಲಿ ಹೊಸದಾಗಿ ಮದುವೆಯಾದ ಗಂಡ-ಹೆಂಡತಿ, ಮಾವನ ಮನೆ, ತವರಿನ ದಾರಿ, ಸಣ್ಣ ಮುನಿಸು ಎಲ್ಲ ಸೇರಿ ಒಂದು ಸಂಸಾರವೇ ಮೂಡಿತು. ಟಿ.ಎಸ್. ನಾಗಾಭರಣ 1992ರಲ್ಲಿ ಆ ಕವಿತೆಗಳನ್ನೇ ಪೋಣಿಸಿ ಸಿನಿಮಾ ಮಾಡಿದರು. ಕವಿ ಬರೆಯದೇ ಬಿಟ್ಟ ಜಾಗಗಳನ್ನು ಓದುಗರು ಐವತ್ತು ವರ್ಷ ತಾವೇ ತುಂಬಿಕೊಂಡಿದ್ದರು.

ಸಂಕಲನದ ಶಕ್ತಿ ಇರುವುದು ಅಲ್ಲೇ, ಎರಡು ಕವಿತೆಗಳ ನಡುವಿನ ಖಾಲಿಯಲ್ಲಿ. ಒಂದು ಕವಿತೆಯಲ್ಲಿ ಇಬ್ಬರೂ ಜಗಳವಾಡುತ್ತಾರೆ, ಮುಂದಿನದರಲ್ಲಿ ಒಬ್ಬಳು ಇನ್ನೊಬ್ಬಳ ಸೀರೆ ಮಡಚುತ್ತಿದ್ದಾಳೆ. ರಾಜಿ ಹೇಗಾಯಿತು ಎಂದು ಓದುಗರು ಊಹಿಸಿಕೊಳ್ಳುತ್ತಾರೆ. ಯೋಜನೆ ಎಂದರೆ ಈ ಖಾಲಿ ಜಾಗಗಳ ಯೋಜನೆಯೂ ಹೌದು.

ಮೊದಲು ಒಂದು ಪುಟ ಗದ್ಯ

ವಿಚಿತ್ರ ಎನಿಸಬಹುದು, ಆದರೆ ಕವಿತೆಗೆ ಕೂರುವ ಮೊದಲು ಇಡೀ ಕಥೆಯನ್ನು ಸರಳ ಗದ್ಯದಲ್ಲಿ ಒಂದೇ ಪುಟದಲ್ಲಿ ಬರೆದಿಡಬೇಕು. ಯಾರು, ಎಲ್ಲಿ, ಹೇಗೆ ಭೇಟಿ, ಏನು ಅಡ್ಡಿ, ಎಲ್ಲಿ ಮುರಿಯುತ್ತದೆ, ಹೇಗೆ ಮುಗಿಯುತ್ತದೆ. ಈ ಪುಟ ಓದುಗರಿಗಲ್ಲ, ಬರೆಯುವವರಿಗೆ.

ಅರ್ಥವಾಗಲು ಒಂದು ಕಥೆಯನ್ನು ಇಲ್ಲೇ ಕಟ್ಟೋಣ. ಅಣೆಕಟ್ಟಿನ ಹಿನ್ನೀರು. ಲಾಂಚಿನಲ್ಲಿ ಟಿಕೆಟ್ ಕೊಡುವ ಹುಡುಗಿ ವೇಣಿ. ಮುಳುಗಡೆಯಾದ ಊರಿನ ಜನ ಊರು ಬಿಟ್ಟು ಹೋಗಿಲ್ಲ, ನೀರಿನ ಕೆಳಗೆ ಇನ್ನೂ ಬದುಕಿದ್ದಾರೆ. ಅವರಲ್ಲೊಬ್ಬಳು ಹೊನ್ನಿ. ಬೇಸಿಗೆಯಲ್ಲಿ ನೀರಿಳಿದು ಹಳೆಯ ಗುಡಿಯ ಮೆಟ್ಟಿಲು ಕಂಡಾಗ ಅವಳು ಮೇಲೆ ಬರಬಲ್ಲಳು. ಮೊದಲ ಮಳೆಗೆ ಮೆಟ್ಟಿಲು ಮುಳುಗುವ ಮೊದಲು ಹಿಂದಿರುಗಬೇಕು.

ಇಂಥ ಕಲ್ಪನೆಗೆ ನೆಲದ ಆಧಾರವೂ ಇದೆ. ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟು, ನೀರು ತೀರ ಇಳಿದ ಬೇಸಿಗೆಗಳಲ್ಲಿ ತಲೆಯೆತ್ತುತ್ತದೆ. ಪುಣೆ-ಸೊಲ್ಲಾಪುರ ದಾರಿಯಲ್ಲಿ ಓಡಾಡುವ ಕನ್ನಡಿಗರು ಉಜನಿ ಹಿನ್ನೀರಿನಲ್ಲಿ ಪಳಸದೇವದ ಗುಡಿ ಹೀಗೇ ಮೇಲೇಳುವುದನ್ನು ನೋಡಿರಬಹುದು. ಮಾಯೆ ಓದುಗರು ಕಂಡ ಜಾಗದಿಂದ ಹೊರಟರೆ ಬೇಗ ನಂಬಿಕೆ ಬರುತ್ತದೆ.

ಮಾಯೆಗೂ ಒಂದು ಕಟ್ಟಳೆ ಬೇಕು

ಮಾಯಾಲೋಕದಲ್ಲಿ ಏನು ಬೇಕಾದರೂ ಆಗಬಹುದು ಎಂದಾದರೆ ಪ್ರೇಮಿಗಳು ದೂರಾಗುವುದಕ್ಕೂ ಬೆಲೆಯಿಲ್ಲ, ಸೇರುವುದಕ್ಕೂ ಬೆಲೆಯಿಲ್ಲ. ಮಂತ್ರ ಹಾಕಿ ಸೇರಿಸಬಹುದಲ್ಲ ಎಂದು ಓದುಗರು ಕೇಳುತ್ತಾರೆ.

ನಮ್ಮ ಜನಪದ ಕಥೆಗಳು ಇದನ್ನು ಚೆನ್ನಾಗಿ ಬಲ್ಲವು. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹೆಂಗಸರು ಹೇಳುತ್ತಿದ್ದ ಕನ್ನಡದ ಕಥೆಯೊಂದರಲ್ಲಿ ಹುಡುಗಿ ಹೂಬಿಡುವ ಮರವಾಗುತ್ತಾಳೆ. ಎರಡು ಕೊಡ ನೀರು ಬೇಕು, ಒಂದನ್ನು ಸುರಿದರೆ ಮರ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಹೂ ಕೀಳುವಾಗ ಎಲೆ, ಕೊಂಬೆಗೆ ಪೆಟ್ಟಾಗಬಾರದು. ಕಟ್ಟಳೆ ಇಷ್ಟೇ. ಕೊಂಬೆ ಮುರಿದವರು ಬಂದಾಗ ಕಥೆಯ ನೋವು ಶುರುವಾಗುತ್ತದೆ. ವಿವರಣೆಯೇ ಬೇಕಿಲ್ಲ.

ಕವಿತೆಯ ಪುಸ್ತಕದಲ್ಲಿ ಮಾಯೆಯ ಕಟ್ಟಳೆ ಕವಿತೆಯ ಮೈಮೇಲೂ ಕಂಡರೆ ಇನ್ನೂ ಒಳ್ಳೆಯದು. ನಮ್ಮ ಕಥೆಗೆ ಹೀಗೊಂದು ನಿಯಮ ಹಾಕೋಣ. ವೇಣಿಯೂ ನೀರಿನ ಕೆಳಗೆ ಹೋಗಬಲ್ಲಳು, ಆದರೆ ಹೋದಾಗಲೆಲ್ಲ ಒಂದೊಂದು ಪದ ಮರೆಯುತ್ತಾಳೆ. ಮರೆತ ಪದ ಅಲ್ಲಿಂದ ಮುಂದೆ ಅವಳ ಕವಿತೆಗಳಲ್ಲಿ ಎಲ್ಲೂ ಬರುವಂತಿಲ್ಲ. ಮೊದಲು ‘ಚಿಲ್ಲರೆ’ ಹೋಗುತ್ತದೆ, ಯಾರೂ ಗಮನಿಸುವುದಿಲ್ಲ. ಆಮೇಲೆ ‘ಬೆಳಗು’. ಒಂದು ದಿನ ‘ಅಮ್ಮ’ ಎಂಬ ಪದವೇ ಹೋಗುತ್ತದೆ, ಮನೆಯ ಬಗ್ಗೆ ಬರೆದ ಕವಿತೆಯಲ್ಲಿ ಆ ಜಾಗ ಖಾಲಿ ಬಿದ್ದಿರುತ್ತದೆ. ಪ್ರೀತಿಯ ಬೆಲೆ ಏನೆಂದು ಹೇಳಲು ಬೇರೆ ಕವಿತೆ ಬೇಕಾಗುವುದಿಲ್ಲ.

ಹೀಗೆ ಮಾಡುವವರು ಒಂದು ಪಟ್ಟಿ ಇಟ್ಟುಕೊಳ್ಳಬೇಕು. ಯಾವ ಪದ ಎಷ್ಟನೇ ಕವಿತೆಯಲ್ಲಿ ಹೋಯಿತು, ಆ ಮೊದಲು ಎಷ್ಟು ಸಲ ಬಂದಿತ್ತು ಎಂಬ ಲೆಕ್ಕ. ಮೊದಲು ಮೂರ್ನಾಲ್ಕು ಸಲವಾದರೂ ಬಂದಿದ್ದರೆ ಮಾತ್ರ ಅದು ಇಲ್ಲವಾದದ್ದು ತಿಳಿಯುತ್ತದೆ.

ಅಡ್ಡಿ ಯಾರದು? ಕೊನೆ ಯಾವುದು?

ಯೋಜನೆಯ ಅತಿ ಮುಖ್ಯ ಪ್ರಶ್ನೆ ಇದು. ನಿಮ್ಮ ಮಾಯಾಲೋಕದಲ್ಲಿ ಇಬ್ಬರು ಹೆಂಗಸರ ಪ್ರೀತಿಯನ್ನು ತಪ್ಪು ಎನ್ನುವವರು ಇದ್ದಾರೆಯೇ?

ಇದ್ದಾರೆ ಎಂದರೆ ಕಥೆ ನಮ್ಮ ಲೋಕಕ್ಕೆ ಹತ್ತಿರವಾಗುತ್ತದೆ. ಪರಸ್ಪರ ಒಪ್ಪಿಗೆಯ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಆದರೆ ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ, ಅದು ಶಾಸನಸಭೆಗೆ ಸೇರಿದ ವಿಷಯ ಎಂದಿತು. ಪ್ರೀತಿಸಬಹುದು, ಮದುವೆ ನೋಂದಣಿ ಸಾಧ್ಯವಿಲ್ಲ ಎಂಬ ಈ ನಡುಗಡ್ಡೆಯ ಬದುಕನ್ನು ಮಾಯೆಯ ಮೂಲಕ ಹೇಳಬಹುದು.

ಇಲ್ಲ ಎಂದರೆ ಬೇರೆಯೇ ಸುಖವಿದೆ. ಹೊನ್ನಿಯ ಮುಳುಗಿದ ಊರಿನಲ್ಲಿ ಯಾರು ಯಾರ ಜೊತೆ ಬಾಳಿದರೂ ಯಾರೂ ಕೇಳುವುದಿಲ್ಲ ಎಂದಿಟ್ಟುಕೊಳ್ಳಿ. ಮೇಲಿನ ಊರಿನಲ್ಲಿ ವೇಣಿಗೆ ಗಂಡು ನೋಡುತ್ತಿದ್ದಾರೆ. ಎರಡು ಊರುಗಳ ಈ ವ್ಯತ್ಯಾಸವೇ ಓದುಗರಿಗೆ ಪ್ರಶ್ನೆ ಹಾಕುತ್ತದೆ, ಕವಿ ಭಾಷಣ ಮಾಡಬೇಕಿಲ್ಲ.

ಒಂದು ತಪ್ಪನ್ನು ಮಾತ್ರ ಮಾಡಬಾರದು. ಪ್ರೇಮಿಯ ಕ್ವಿಯರ್‌ತನವನ್ನೇ ಶಾಪ ಎಂದು ತೋರಿಸುವುದು, ಕೊನೆಗೆ ಶಾಪ ಕಳೆದು ಅವಳು ‘ಸರಿಯಾಗುವುದು’. ಮಾಯೆ ನೀರಿನದು, ಬೆಲೆ ಪದಗಳದು. ಪ್ರೀತಿ ಯಾವ ಶಾಪದ ಫಲವೂ ಅಲ್ಲ.

ಕೊನೆಯ ಬಗ್ಗೆಯೂ ಇದೇ ಎಚ್ಚರ ಬೇಕು. ಸಲಿಂಗ ಪ್ರೇಮದ ಕಥೆಗಳಲ್ಲಿ ಒಬ್ಬರು ಸಾಯುವುದು, ಇನ್ನೊಬ್ಬರು ಒಂಟಿಯಾಗುವುದು ಬಹಳ ಕಾಲ ಪದ್ಧತಿಯಂತೆ ನಡೆದುಬಂದಿದೆ. ಇಂಗ್ಲಿಷ್ ಲೇಖಕ ಇ.ಎಂ. ಫಾರ್ಸ್ಟರ್ ತಮ್ಮ ‘ಮಾರಿಸ್’ ಕಾದಂಬರಿಯನ್ನು 1913-14ರಲ್ಲೇ ಬರೆದಿದ್ದರು. ಅದರಲ್ಲಿ ಇಬ್ಬರು ಗಂಡಸರು ಕೊನೆಗೆ ಒಂದಾಗಿ ಉಳಿಯುತ್ತಾರೆ, ಹಾಗೆ ಉಳಿಯಲೇಬೇಕೆಂಬುದು ಫಾರ್ಸ್ಟರ್ ಹಟವಾಗಿತ್ತು. ಪುಸ್ತಕ ಅಚ್ಚಾದದ್ದು ಅವರ ಸಾವಿನ ನಂತರ, 1971ರಲ್ಲಿ. ಒಂದು ಸುಖಾಂತ್ಯ ಓದುಗರನ್ನು ತಲುಪಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಯಬೇಕಾಯಿತು. ದುಃಖಾಂತ್ಯ ಬರೆಯಬಾರದು ಎಂದಲ್ಲ. ‘ಇಂಥವರ ಕಥೆ ಹೀಗೇ ಮುಗಿಯುತ್ತದೆ’ ಎಂಬ ರೂಢಿಯಿಂದ ಅದು ಬರಬಾರದು ಅಷ್ಟೇ. ಅದರಲ್ಲೂ ಕದ್ದುಮುಚ್ಚಿ ಮೊಬೈಲಿನಲ್ಲಿ ಓದುವ ಹದಿನೆಂಟರ ಓದುಗರೊಬ್ಬರು ಇದ್ದಾರೆ ಎಂಬುದು ನೆನಪಿರಬೇಕು.

ಯಾವ ಕ್ಷಣಕ್ಕೆ ಕವಿತೆ?

ಕಥೆಯ ಪುಟ ಸಿದ್ಧವಾದ ಮೇಲೆ ಘಟನೆಗಳ ಪಟ್ಟಿ ಮಾಡಿ. ಒಂದು ಸಂಕಲನಕ್ಕೆ ನಲವತ್ತರಿಂದ ಐವತ್ತು ಕವಿತೆ ಎಂದುಕೊಂಡರೆ ಐದು ಭಾಗಗಳಾಗಿ ಹಂಚಬಹುದು: ನೀರಿಳಿಯುವುದು, ಭೇಟಿ, ಒಡನಾಟ, ಮಳೆ, ಆಮೇಲೆ.

ಪ್ರತಿ ಘಟನೆಗೂ ಕವಿತೆ ಬೇಡ. ಪ್ರಶ್ನೆ ಇಷ್ಟು ಕೇಳಿಕೊಳ್ಳಿ: ಈ ಕ್ಷಣದಲ್ಲಿ ಪಾತ್ರದ ಮನಸ್ಸು ಬದಲಾಗುತ್ತದೆಯೇ? ಆಗುವುದಾದರೆ ಕವಿತೆ ಬರೆಯಿರಿ. ಬರೀ ಸುದ್ದಿ ತಿಳಿಸುವುದಿದ್ದರೆ ಅದನ್ನು ಶೀರ್ಷಿಕೆಗೆ ಹಾಕಿ. ‘ಏಪ್ರಿಲ್, ಮೂರನೇ ಮೆಟ್ಟಿಲು ಕಂಡ ದಿನ’ ಎಂಬ ಶೀರ್ಷಿಕೆ ತಿಂಗಳು, ನೀರಿನ ಮಟ್ಟ, ಉಳಿದಿರುವ ಸಮಯ ಮೂರನ್ನೂ ಹೇಳಿಬಿಡುತ್ತದೆ. ಆಗ ಕವಿತೆ ತನ್ನ ಕೆಲಸ ಮಾಡಲು ಬಿಡುವಾಗುತ್ತದೆ.

ಎಲ್ಲವನ್ನೂ ವೇಣಿಯೇ ಹೇಳಬೇಕಿಲ್ಲ. ಹೊನ್ನಿಯ ಕವಿತೆಗಳಿರಲಿ, ವೇಣಿಯ ತಾಯಿಯದು ಮೂರಿರಲಿ, ಮುಳುಗಿದ ಊರಿನವರೆಲ್ಲ ಸೇರಿ ಹೇಳುವ ಕೆಲವು ಇರಲಿ. ತಾಯಿಯ ದನಿ ಇಲ್ಲದಿದ್ದರೆ ಅವಳು ಬರೀ ಖಳನಾಯಕಿ ಆಗಿಬಿಡುತ್ತಾಳೆ. ಮಗಳ ಬಾಯಲ್ಲಿ ‘ಅಮ್ಮ’ ಎಂಬ ಪದ ನಿಂತುಹೋದದ್ದು ಮೊದಲು ಗೊತ್ತಾಗುವುದು ಅವಳಿಗೇ.

ಯಾರ ದನಿಗೆ ಯಾವ ಲಯ?

ಇಲ್ಲಿ ಕನ್ನಡದವರಿಗೆ ದೊಡ್ಡ ಗಂಟೇ ಇದೆ. ಕಥೆಯನ್ನು ಪದ್ಯದಲ್ಲಿ ಹೇಳುವುದು ನಮಗೆ ಹೊಸದಲ್ಲ, ಹಳೆಯ ಕನ್ನಡ ಸಾಹಿತ್ಯದ ಬಹುಭಾಗ ಅದೇ. ಪಂಪನ ಚಂಪುವಿನಲ್ಲಿ ಪದ್ಯದ ನಡುವೆ ಗದ್ಯ ಬರುತ್ತದೆ. ಹರಿಹರನ ರಗಳೆಯಲ್ಲಿ ಸಾಲುಗಳು ಎಷ್ಟು ದೂರ ಬೇಕಾದರೂ ಓಡಬಹುದು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಆರು ಸಾಲಿನೊಳಗೆ ಮೂರು-ನಾಲ್ಕು ಮಾತ್ರೆಗಳ ಗಣಗಳಲ್ಲಿ ಕುಣಿಯುತ್ತದೆ. ರತ್ನಾಕರವರ್ಣಿ ಬಳಸಿದ ಸಾಂಗತ್ಯ ಹಾಡಲು ಹೇಳಿ ಮಾಡಿಸಿದ್ದು. ತ್ರಿಪದಿ ಬೀಸುಕಲ್ಲಿನ ಹೆಂಗಸರದೂ ಹೌದು, ಸರ್ವಜ್ಞನದೂ ಹೌದು.

ಇವನ್ನು ದನಿಗಳಿಗೆ ಹಂಚಿದರೆ ಹೆಸರು ಹೇಳದೆಯೂ ಯಾರು ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ. ಮುಳುಗಿದ ಊರಿನ ಒಟ್ಟು ದನಿಗೆ ತ್ರಿಪದಿ. ಮಳೆ ಶುರುವಾಗಿ ನೀರೇರುವ ಭಾಗಕ್ಕೆ ನಿಲ್ಲದೆ ಓಡುವ ರಗಳೆ. ವೇಣಿಯ ಒಳಮಾತಿಗೆ ವಚನದ ಹಾಗೆ ಛಂದಸ್ಸಿನ ಹಂಗಿಲ್ಲದ ಸಾಲು. ತಾಯಿಯ ಮಾತು ಚಂಪುವಿನ ಗದ್ಯದಂತೆ ನಡುವೆ ಬರಲಿ. ಮಾತ್ರೆ ಲೆಕ್ಕ ಕೂಡಿಬರದವರು ಹೆದರಬೇಕಿಲ್ಲ. ಮೂರು ಸಾಲು, ಆರು ಸಾಲು ಎಂಬ ಆಕಾರವನ್ನಷ್ಟೇ ಇಟ್ಟುಕೊಂಡರೂ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ಆಡುನುಡಿಯೂ ಹೀಗೇ ಕೆಲಸ ಮಾಡುತ್ತದೆ. ಹೊನ್ನಿಯ ಊರು ಮುಳುಗಿದ್ದು ಹಿಂದೆ, ಅವಳ ಮಾತೂ ಹಳೆಯದು. ವೇಣಿ ‘ಅಮ್ಮ’ ಪದ ಕಳೆದುಕೊಂಡಾಗ ಹೊನ್ನಿ ತನ್ನೂರಿನ ‘ಅಬ್ಬೆ’ಯನ್ನು ಅವಳಿಗೆ ಕೊಡಬಹುದು. ಹವ್ಯಕರ ಮನೆಗಳಲ್ಲಿ ಇಂದಿಗೂ ಇರುವ, ಹಳಗನ್ನಡದಲ್ಲೂ ಸಿಗುವ ಪದ ಅದು. ಕಳೆದುಕೊಂಡ ಪದಗಳನ್ನು ಪ್ರೇಮಿ ತನ್ನ ನುಡಿಯಿಂದ ಒಂದೊಂದಾಗಿ ತುಂಬಿಕೊಡುವುದೇ ಈ ಪುಸ್ತಕದ ಸುಖಾಂತ್ಯ. ಕುಂದಾಪ್ರ ಕನ್ನಡ, ಧಾರವಾಡ ಕನ್ನಡ, ಸೊಲ್ಲಾಪುರದ ಕಡೆಯ ಕನ್ನಡ, ಮನೆಯಲ್ಲಿ ಯಾವುದಿದೆಯೋ ಅದೇ ನಿಮ್ಮ ಮಾಯಾಲೋಕದ ನುಡಿಯಾಗಬಹುದು.

‘ಕಣೋ’, ‘ಕಣೇ’: ಒಂದಕ್ಷರದ ಗುಟ್ಟು

ಮುಂಬೈ, ದೆಹಲಿಗಳಲ್ಲಿ ಇರುವವರಿಗೆ ಇದು ಬೇಗ ಹೊಳೆಯುತ್ತದೆ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನಬೇಕಾದರೆ ಗಂಡಸು ‘ಮೈ ಆಯಾ’ ಎನ್ನುತ್ತಾನೆ, ಹೆಂಗಸು ‘ಮೈ ಆಯೀ’ ಎನ್ನುತ್ತಾಳೆ. ಮರಾಠಿಯಲ್ಲೂ ‘ಮೀ ಆಲೋ’, ‘ಮೀ ಆಲೇ’ ಎಂಬ ಭೇದವಿದೆ. ಬಾಯಿ ತೆರೆದ ಕೂಡಲೇ ಹೇಳುವವರ ಲಿಂಗ ಗೊತ್ತಾಗುತ್ತದೆ. ಕನ್ನಡದಲ್ಲಿ ‘ನಾನು ಬಂದೆ’, ‘ನೀನು ಬಂದೆ’ ಅಷ್ಟೇ. ಪ್ರೇಮ ಕವಿತೆಯ ಎರಡು ಮುಖ್ಯ ಪದಗಳಾದ ‘ನಾನು’ ಮತ್ತು ‘ನೀನು’ ಗಂಡೂ ಅಲ್ಲ, ಹೆಣ್ಣೂ ಅಲ್ಲ. ‘ಅವನು’, ‘ಅವಳು’ ಬಂದಾಗ ಮಾತ್ರ ಲಿಂಗ ಒಳಗೆ ಬರುತ್ತದೆ.

ಅಂದರೆ ಕನ್ನಡದ ಕವಿ ಇಡೀ ಸಂಕಲನವನ್ನು ‘ನಾನು-ನೀನು’ಗಳಲ್ಲೇ ನಡೆಸಿದರೆ ಪ್ರೇಮಿಗಳು ಯಾರೆಂದು ಓದುಗರಿಗೆ ಗೊತ್ತಾಗದಂತೆ ಇಡಬಹುದು. ಆಗಲೂ ಕೆಲವು ಪದಗಳ ಮೇಲೆ ಕಣ್ಣಿರಬೇಕು: ಒಬ್ಬ-ಒಬ್ಬಳು, ಗೆಳೆಯ-ಗೆಳತಿ, ಮಾರಾಯ-ಮಾರಾಯ್ತಿ, ಬಾರೋ-ಬಾರೇ, ಕಣೋ-ಕಣೇ. ಕೊನೆಯ ಎರಡು ಜೋಡಿಗಳಲ್ಲಿ ವ್ಯತ್ಯಾಸ ಒಂದು ಸ್ವರದ್ದು ಮಾತ್ರ. ಆ ಸ್ವರದಲ್ಲಿ ಸಲಿಗೆಯೂ ಇದೆ, ಗುಟ್ಟೂ ಇದೆ.

ಹಾಗಾದರೆ ಲಿಂಗವನ್ನು ಕೊನೆವರೆಗೆ ಮುಚ್ಚಿಟ್ಟು ಓದುಗರನ್ನು ಬೆಚ್ಚಿಬೀಳಿಸಬಹುದೇ? ಬೇಡ. ಪ್ರೇಮಿ ಹೆಂಗಸು ಎಂಬುದನ್ನೇ ಪತ್ತೇದಾರಿ ತಿರುವು ಮಾಡಿದರೆ ಆ ಪ್ರೀತಿಯನ್ನೇ ಆಘಾತದ ಸುದ್ದಿ ಮಾಡಿದಂತೆ. ಓದುಗರಿಗೆ ಬೇಗ ತಿಳಿಯಲಿ, ಊರಿಗೆ ತಡವಾಗಿ ತಿಳಿಯಲಿ. ಊರವರ ಮುಂದೆ ವೇಣಿ ಯಾವಾಗಲೂ ‘ಅವರು’ ಎಂದೇ ಹೊನ್ನಿಯ ಬಗ್ಗೆ ಮಾತಾಡುತ್ತಾಳೆ. ಗೌರವದ ಬಹುವಚನ ಅವಳಿಗೆ ಮರೆಯಾಗುತ್ತದೆ. ಹುಡುಗ-ಹುಡುಗಿ ಯಾರೆಂದು ಮನೆಯಲ್ಲಿ ಗೊತ್ತಾಗದಿರಲೆಂದು ಫೋನಿನಲ್ಲಿ ‘ಅವರು’ ಎಂದೇ ಮಾತಾಡುವವರು ನಮ್ಮ ನಡುವೆ ಬೇಕಾದಷ್ಟು ಜನರಿದ್ದಾರೆ. ಒಂದು ದಿನ ತುಂಬಿದ ಲಾಂಚಿನಲ್ಲಿ, ಎಲ್ಲರೆದುರು, ಅವಳ ಬಾಯಿಂದ ‘ಬಾರೇ’ ಎಂದು ಬರುತ್ತದೆ. ಪುಸ್ತಕದ ಅತಿ ದೊಡ್ಡ ಘಟನೆ ಅದೇ. ಎರಡಕ್ಷರ.

ಗಂಡು-ಹೆಣ್ಣು ಎರಡರಲ್ಲೂ ತಮ್ಮನ್ನು ಗುರುತಿಸಿಕೊಳ್ಳದ ಪಾತ್ರಕ್ಕೂ ‘ಅವರು’ ಹೊಂದುತ್ತದೆ. ಪುಟ್ಟ ಮಗುವಿಗೆ, ದೆವ್ವಕ್ಕೆ ಬಳಸುವ ‘ಅದು’ವನ್ನು ಮನುಷ್ಯರಿಗೆ ಅಂಟಿಸಿದರೆ ಅವಮಾನವಾಗುತ್ತದೆ, ಆ ವ್ಯಕ್ತಿಯೇ ಬಯಸಿದ ಹೊರತು.

ಪರಂಪರೆಯಿಂದ ಎಷ್ಟು, ಹೇಗೆ?

ಶಿಖಂಡಿ, ಬೃಹನ್ನಳೆ, ಮೋಹಿನಿ ಇವರೆಲ್ಲ ಭಾರತದ ಕಥೆಗಳಲ್ಲೂ ಯಕ್ಷಗಾನದ ರಂಗದಲ್ಲೂ ನಮಗೆ ಪರಿಚಿತರು. ವಚನಕಾರರ ‘ಶರಣಸತಿ ಲಿಂಗಪತಿ’ ಭಾವದಲ್ಲಿ ಗಂಡಸರೂ ದೇವರ ಮುಂದೆ ಹೆಂಡತಿಯಾಗಿ ಮಾತಾಡಿದ್ದಾರೆ. ಇದನ್ನು ಇಂದಿನ ಕ್ವಿಯರ್ ಗುರುತಿಗೆ ನೇರವಾಗಿ ಸಮೀಕರಿಸುವುದು ಆತುರವಾದೀತು. ಆದರೆ ಕವಿತೆಯೊಳಗೆ ದನಿ ಗಂಡಿನಿಂದ ಹೆಣ್ಣಿಗೆ ದಾಟುವುದು ಕನ್ನಡಕ್ಕೆ ಹೊರಗಿನಿಂದ ಬಂದದ್ದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಬದುಕಿರುವ ಸಮುದಾಯಗಳ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. ಜೋಗತಿ ಪರಂಪರೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಆ ಪರಂಪರೆಗೆ ಹಾಡು, ಹಸಿವು, ನಂಬಿಕೆ ಎಲ್ಲವೂ ಇದೆ. ಅದನ್ನು ಮಾಯಾಲೋಕದ ಅಲಂಕಾರವಾಗಿ ಎತ್ತಿಕೊಳ್ಳುವ ಮೊದಲು ಆ ಬದುಕನ್ನು ಬಲ್ಲವರ ಮಾತು ಕೇಳಬೇಕು.

ಕೊನೆಯ ಪರೀಕ್ಷೆಗಳು

ಕರಡು ಮುಗಿದ ಮೇಲೆ ಎಲ್ಲ ಕವಿತೆಗಳನ್ನೂ ಅಚ್ಚು ತೆಗೆದು ನೆಲದ ಮೇಲೆ ಸಾಲಾಗಿ ಹರಡಿ. ಒಂದೊಂದನ್ನೇ ತೆಗೆದು ನೋಡಿ. ತೆಗೆದರೂ ಏನೂ ಕಡಿಮೆಯಾಗದಿದ್ದರೆ ಅದು ಚೆಂದದ ಕವಿತೆಯಾದರೂ ಈ ಪುಸ್ತಕದ್ದಲ್ಲ, ಬೇರೆ ಕಡೆ ಇಡಿ.

ಎರಡನೆಯದಾಗಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಅವರಿಂದ ಕಥೆ ಹೇಳಿಸಿ. ಅವರು ಊಹಿಸಿದ ರಾಜಿ, ಜಗಳಗಳು ನಿಮ್ಮ ಒಂದು ಪುಟದ ಗದ್ಯಕ್ಕೆ ಹೆಚ್ಚುಕಡಿಮೆ ಹೊಂದಿದರೆ ಖಾಲಿ ಜಾಗಗಳು ಕೆಲಸ ಮಾಡಿವೆ ಎಂದರ್ಥ. ಎಲ್ಲಿ ಪೂರ್ತಿ ದಾರಿ ತಪ್ಪಿದರೋ ಅಲ್ಲಿ ಒಂದು ಶೀರ್ಷಿಕೆ ಬದಲಿಸಿದರೆ ಸಾಕಾಗಬಹುದು.

ಮೂರನೆಯದು, ನೀವು ಬರೆಯುತ್ತಿರುವ ಬದುಕು ನಿಮ್ಮದಲ್ಲದಿದ್ದರೆ ಅದು ಯಾರದೋ ಅವರ ಕೈಗೆ ಕರಡು ಕೊಡಿ. ಅವರು ಒಪ್ಪಬೇಕಾದ್ದು ಕವಿತೆಯ ಅಂದವನ್ನಲ್ಲ, ‘ಹೌದು, ನಾವು ಹೀಗೇ ಜಗಳವಾಡುತ್ತೇವೆ, ಹೀಗೇ ಕರೆಯುತ್ತೇವೆ’ ಎಂಬುದನ್ನು.

ಶುರುವಿಗೆ ಇಷ್ಟು ಸಾಕು: ಒಂದು ಪುಟ ಗದ್ಯ, ಒಂದು ಕಟ್ಟಳೆ, ಮೂರು ದನಿ. ಮೊದಲ ಕವಿತೆಯನ್ನು ‘ನಾನು’ ಮತ್ತು ‘ನೀನು’ಗಳಲ್ಲೇ ಬರೆಯಿರಿ. ‘ಬಾರೇ’ ಎಂದೋ ‘ಬಾರೋ’ ಎಂದೋ ಯಾವ ಪುಟದಲ್ಲಿ, ಯಾರ ಎದುರು ಕರೆಯಬೇಕು ಎಂಬುದು ತೀರ್ಮಾನವಾದರೆ ನಿಮ್ಮ ಪುಸ್ತಕದ ಅರ್ಧ ಯೋಜನೆ ಮುಗಿದಂತೆ.